ಯಾರ ಷಡ್ಜಕ್ಕೆ ತಂಬೂರಿ?



ಧಾರವಾಡದಲ್ಲಿ ನಿಂತು ಸಂಗೀತದ ಬಗ್ಗೆ ಮಾತಾಡುವುದು ಸ್ವಲ್ಪ ಧೈರ್ಯದ ಕೆಲಸ. ವೇದಿಕೆಯ ಮೇಲೆ ನಿಂತವನಿಗಿಂತ ಹೆಚ್ಚು ಕೇಳಿದವರು ಇಲ್ಲಿ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ನಾನು ಹಾಡುವವನಲ್ಲ, ಕೇಳುವವನು. ಆದ್ದರಿಂದ ಇವತ್ತು ರಾಗದ ಲಕ್ಷಣ ಹೇಳಲು ಬಂದಿಲ್ಲ. ನಾವು ಬಹಳ ಮೆಚ್ಚಿದವರ ಹಾಗೆ ಆಗಲು ಹೊರಟಾಗ ಏನಾಗುತ್ತದೆ, ಕೆಲವರು ಅದರಿಂದ ಹೇಗೆ ಹೊರಬಂದು ತಾವೇ ಆದರು ಎಂಬುದನ್ನು ನಮ್ಮ ಕಡೆಯ ನಾಲ್ಕಾರು ಗಾಯಕರನ್ನು ಇಟ್ಟುಕೊಂಡು ಯೋಚಿಸಬೇಕೆಂದಿದ್ದೇನೆ. ಬರೆಯುವವರಿಗೆ, ನಟಿಸುವವರಿಗೆ, ಪಾಠ ಹೇಳುವವರಿಗೆ ಇದು ಅನ್ವಯಿಸುವುದಿಲ್ಲ ಎಂದೇನೂ ಇಲ್ಲ. ಆದರೆ ಹಾಡಿನಲ್ಲಿ ನಕಲು ಬಚ್ಚಿಟ್ಟುಕೊಳ್ಳಲಾರದು. ಬಾಯಿ ತೆರೆದ ಕೂಡಲೇ ಗೊತ್ತಾಗಿಬಿಡುತ್ತದೆ.

ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗನಿಂದ ಶುರು ಮಾಡುತ್ತೇನೆ. ತಂದೆ ಸಿದ್ಧರಾಮಯ್ಯನವರಿಗೂ ಹಾಡಿನ ಹುಚ್ಚು. ಎಂಟು-ಹತ್ತು ವರ್ಷದ ಈ ಹುಡುಗ ಗ್ರಾಮಫೋನಿನಲ್ಲಿ ಯಾರದೇ ಹಾಡು ಕೇಳಿದರೂ ಅದನ್ನು ಅವರದೇ ದನಿಯಲ್ಲಿ, ಅವರದೇ ತಾನುಗಳೊಂದಿಗೆ ಒಪ್ಪಿಸಿಬಿಡುತ್ತಿದ್ದ. ಅಬ್ದುಲ್ ಕರೀಂಖಾನರ ರೆಕಾರ್ಡನ್ನು ಹಾಡಿದರೆ ಖಾನ್‌ಸಾಹೇಬರೇ ಒಳಗೆ ಕೂತು ಹಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಮಠದ ಸ್ವಾಮಿಗಳೊಬ್ಬರು ಮೆಚ್ಚಿ ‘ಕುಮಾರ ಗಂಧರ್ವ’ ಎಂದು ಕರೆದರು. ಆ ಹೆಸರೇ ನಿಂತಿತು. 1936ರಲ್ಲಿ ಮುಂಬಯಿಯ ಜಿನ್ನಾ ಹಾಲಿನಲ್ಲಿ ಹಾಡಿದಾಗ ಸಭೆಯಲ್ಲಿದ್ದ ದೊಡ್ಡ ದೊಡ್ಡ ಉಸ್ತಾದರು ಬೆರಗಾದರು ಎಂದು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಆಗ ಅವನಿಗೆ ಹನ್ನೆರಡರ ಆಸುಪಾಸು.

ಅಲ್ಲಿಗೇ ನಿಂತಿದ್ದರೆ ಅದು ಒಂದು ಒಳ್ಳೆಯ ಸರ್ಕಸ್ಸಾಗಿ ಉಳಿಯುತ್ತಿತ್ತು. ಬಾಲಪ್ರತಿಭೆಗಳ ಕತೆ ಸಾಮಾನ್ಯವಾಗಿ ದನಿ ಒಡೆಯುವ ವಯಸ್ಸಿನಲ್ಲಿ ಮುಗಿಯುತ್ತದೆ.

ಈ ನಕಲು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡಬೇಕು. ಗ್ರಾಮಫೋನು ಬರುವ ಮುಂಚೆ ಒಬ್ಬ ಗಾಯಕನ ಹಾಗೆ ಹಾಡಬೇಕೆಂದರೆ ಅವನ ಎದುರಿಗೆ ಹೋಗಿ ಕೂಡಬೇಕಿತ್ತು. ಕೂತರೆ ಆತ ಬಯ್ಯುತ್ತಿದ್ದ, ತಿದ್ದುತ್ತಿದ್ದ, ನಿನ್ನ ದನಿಗೆ ಇದು ಕೂಡುವುದಿಲ್ಲ, ಬಿಡು ಎಂದೂ ಹೇಳುತ್ತಿದ್ದ. ಅನುಕರಣೆಯ ಜೊತೆಗೇ ಅದಕ್ಕೊಂದು ತಡೆಯೂ ಇರುತ್ತಿತ್ತು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಲ್ಲಿಂದ ಮುಂದೆ ಈ ಏರ್ಪಾಟು ಸಡಿಲವಾಯಿತು. ರೆಕಾರ್ಡು ಯಾರನ್ನೂ ತಿದ್ದುವುದಿಲ್ಲ. ನೂರು ಸಲ ಹಾಕಿದರೂ ಬೇಸರಪಡುವುದಿಲ್ಲ. ಮೇಲಾಗಿ 78ರ ವೇಗದ ಆ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಬೈಠಕ್ಕಿನಲ್ಲಿ ಒಂದು ಗಂಟೆ ಹಿಗ್ಗುತ್ತಿದ್ದ ರಾಗವನ್ನು ಗಾಯಕ ಅಷ್ಟರೊಳಗೆ ಮಡಚಿಡಬೇಕಿತ್ತು. ಹುಡುಗರು ಕಲಿತದ್ದು ಆ ಮಡಚಿದ ರೂಪವನ್ನು. ತಪ್ಪುತ್ತಾ, ಹುಡುಕುತ್ತಾ, ಒಮ್ಮೆ ಎಡವಿ ಮತ್ತೆ ಸಮಕ್ಕೆ ಬಂದು ಕೂಡುವ ಗಾಯಕ ರೆಕಾರ್ಡಿನಲ್ಲಿ ಇರುವುದೇ ಇಲ್ಲ. ಹುಡುಕಾಟವನ್ನು ತೆಗೆದುಹಾಕಿ ಸಿಕ್ಕಿದ್ದನ್ನಷ್ಟೇ ಕೊಡುತ್ತದೆ ಅದು.

ಅದೇ ರೆಕಾರ್ಡು ಇನ್ನೊಬ್ಬ ಹುಡುಗನಿಗೆ ಬೇರೆಯದನ್ನೇ ಮಾಡಿತು. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂಖಾನರ ಝಿಂಜೋಟಿ ಠುಮ್ರಿಯನ್ನು ಕೇಳಿದರು. ಹೀಗೆ ಹಾಡಲು ಕಲಿಯಬೇಕೆಂದು ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿಹೋದರು. ಊರೂರು ಅಲೆದು ಕೊನೆಗೆ ಬಂದು ಸೇರಿದ್ದು ಮನೆಯ ಹತ್ತಿರವೇ ಇದ್ದ ಕುಂದಗೋಳಕ್ಕೆ, ಖಾನ್‌ಸಾಹೇಬರ ಶಿಷ್ಯ ಸವಾಯಿ ಗಂಧರ್ವರಲ್ಲಿಗೆ. ತಟ್ಟೆಯನ್ನು ಬಾಯಿಪಾಠ ಮಾಡುವುದಕ್ಕೆ ಅವರಿಗೇನೂ ಅಡ್ಡಿ ಇರಲಿಲ್ಲ. ತಟ್ಟೆಯ ಹಿಂದೆ ಏನಿದೆ ಎಂದು ಹುಡುಕಿಕೊಂಡು ಹೋದದ್ದರಿಂದ, ಮುಂದೆ ಅವರ ದನಿಗೂ ಆ ತಟ್ಟೆಗೂ ಸಂಬಂಧವೇ ಇಲ್ಲವೇನೋ ಅನ್ನುವಷ್ಟು ಬೇರೆಯಾದರು. ಖಾನ್‌ಸಾಹೇಬರದು ತೆಳುವಾದ, ತಂತಿ ಎಳೆದಂಥ ಕಂಠ. ಭೀಮಸೇನರದು ಹೊಟ್ಟೆಯಿಂದ ಎದ್ದು ಬರುವ ದನಿ. ಆ ಠುಮ್ರಿಯನ್ನು ಅವರೂ ಜೀವನದುದ್ದಕ್ಕೂ ಹಾಡಿದರು. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಕೇಳಿ ನೋಡಿ.

ಶಿವಪುತ್ರನಿಗೆ ಸಿಕ್ಕ ಗುರು ಬಿ. ಆರ್. ದೇವಧರ್. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು, ಮುಂಬಯಿಯಲ್ಲಿ ಸಂಗೀತ ಶಾಲೆ ನಡೆಸುತ್ತಿದ್ದವರು, ಕಂಠ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಶಾಸ್ತ್ರವಾಗಿಯೇ ಅಭ್ಯಾಸ ಮಾಡಿದವರು. ಒಂದೇ ಘರಾಣೆಯ ಬೇಲಿಯೊಳಗೆ ಇದ್ದವರಲ್ಲ. ಎಲ್ಲರನ್ನೂ ನಕಲು ಮಾಡಬಲ್ಲ ಹುಡುಗ ಕೈಗೆ ಸಿಕ್ಕಾಗ ಬೇರೆ ಗುರುವಾಗಿದ್ದರೆ ಉಳಿದವರನ್ನೆಲ್ಲ ಮರೆತು ನನ್ನೊಬ್ಬನನ್ನೇ ನಕಲು ಮಾಡು ಅನ್ನುತ್ತಿದ್ದರು. ದೇವಧರ್ ಅವನಿಗೆ ಇನ್ನಷ್ಟು ಜನರನ್ನು ಕೇಳಿಸಿದರು. ಹತ್ತು ಧಾಟಿಗಳು ತಲೆಯೊಳಗೆ ಒಂದಕ್ಕೊಂದು ಡಿಕ್ಕಿ ಹೊಡೆಯತೊಡಗಿದಾಗ ಯಾವುದನ್ನೂ ಹಾಗೆಹಾಗೇ ಹಾಡಲು ಆಗದಂಥ ಸ್ಥಿತಿ ಬರುತ್ತದೆ. ಅದು ಹಿಂಸೆಯ ಕಾಲ. ಆದರೆ ನನಗೆ ತೋರುವಂತೆ ನಕಲಿನಿಂದ ಹೊರಗೆ ಬರುವ ಬಾಗಿಲು ಅಲ್ಲೇ ಎಲ್ಲೋ ಇದೆ. ಒಬ್ಬನನ್ನೇ ಮೆಚ್ಚಿದವನು ಅವನ ಪಡಿಯಚ್ಚಾಗುತ್ತಾನೆ. ಇಪ್ಪತ್ತು ಜನರನ್ನು ಪ್ರಾಣ ಕೊಟ್ಟು ಮೆಚ್ಚಿದವನು ಆಯ್ಕೆ ಮಾಡಲೇಬೇಕಾಗುತ್ತದೆ. ಆಯ್ಕೆ ಮಾಡುವಾಗ ಅವನ ಸ್ವಂತದ್ದೊಂದು ಅಳತೆಗೋಲು ಹೊರಗೆ ಬರುತ್ತದೆ. ಇಂದೋರಿನ ಅಮೀರ್‌ಖಾನರನ್ನು ನೆನೆಯಿರಿ. ವಿಲಂಬಿತದಲ್ಲಿ ಅಬ್ದುಲ್ ವಹೀದ್‌ಖಾನ್, ತಾನಿನಲ್ಲಿ ರಜಬ್ ಅಲಿಖಾನ್, ಸರಗಮ್ಮಿನಲ್ಲಿ ಅಮಾನ್ ಅಲಿಖಾನ್ ಎಂದು ಜಾಣರು ಅವರ ಗಾಯನವನ್ನು ಭಾಗ ಮಾಡಿ ತೋರಿಸುತ್ತಾರೆ. ಸರಿಯೇ. ಆದರೆ ಮೂವರನ್ನೂ ಕೂಡಿಸಿದರೆ ಅಮೀರ್‌ಖಾನರು ಬರುವುದಿಲ್ಲ.

1947ರಲ್ಲಿ ಕುಮಾರ ಗಂಧರ್ವರ ಮದುವೆಯಾಯಿತು. ಸ್ವಲ್ಪ ದಿನದಲ್ಲೇ ಕ್ಷಯ ಎಂದು ಗೊತ್ತಾಯಿತು. ಮುಂಬಯಿಯ ತೇವದ ಹವೆ ಬೇಡವೆಂದು 1948ರ ಆರಂಭದಲ್ಲಿ ಮಾಳವದ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಡಕೂಡದು ಎಂಬ ಕಟ್ಟಪ್ಪಣೆ. ಹೆಂಡತಿ ಭಾನುಮತಿಯವರು ದುಡಿದು ಸಾಕಿದರು, ಆರೈಕೆ ಮಾಡಿದರು. ಐವತ್ತರ ದಶಕದ ಆರಂಭದಲ್ಲಿ ಹೊಸ ಔಷಧಿ ಸಿಕ್ಕಿ ಎದ್ದು ಕೂತಾಗ ಒಂದು ಶ್ವಾಸಕೋಶ ಹೆಚ್ಚುಕಡಿಮೆ ಹೋಗಿತ್ತು. ಅದಕ್ಕೆ ಮುಂಚೆ ಕೇಳಿದವರು ನೆನಪಿಟ್ಟುಕೊಂಡಿದ್ದ ಆ ನೀಳವಾದ, ಎಡೆಬಿಡದ ತಾನುಗಳು ಇನ್ನು ಆಗದ ಮಾತು.

ಹಾಸಿಗೆಯಲ್ಲಿದ್ದ ಕಾಲದಲ್ಲಿ ಅವರು ಮಾಡುತ್ತಿದ್ದದ್ದು ಕೇಳುವ ಕೆಲಸ. ಮಾಳವದ ಹೆಂಗಸರ ಹಾಡು, ಸಂತೆಗೆ ಹೋಗುವವರ ಹಾಡು, ಭಿಕ್ಷೆಗೆ ಬರುವ ನಾಥಪಂಥದ ಜೋಗಿಗಳ ನಿರ್ಗುಣಿ ಭಜನೆ. ರಾಗಗಳು ಹುಟ್ಟುವ ಮೊದಲಿನ ಧುನ್‌ಗಳು ಈ ಹಾಡುಗಳಲ್ಲಿ ಇವೆ ಎಂದು ಅವರಿಗೆ ಅನ್ನಿಸಿತು. ಆ ಧುನ್‌ಗಳಿಂದ ಹೊಸ ರಾಗಗಳನ್ನೇ ಎತ್ತಿಕೊಂಡರು. ತಮ್ಮ ಬಂದಿಶ್‌ಗಳನ್ನು ‘ಅನೂಪರಾಗವಿಲಾಸ’ದಲ್ಲಿ ಪ್ರಕಟಿಸಿದರು. ಹಾಡುವ ಧಾಟಿಯೇ ಬದಲಾಯಿತು. ಸಣ್ಣ ಸಣ್ಣ ಸ್ವರಗುಚ್ಛ, ನಡುವೆ ಥಟ್ಟನೆ ಬಿಡುವು, ಆ ಬಿಡುವಿನಲ್ಲಿ ತಂಬೂರಿ ಮಾತ್ರ, ಮತ್ತೆ ಮೇಲಿನ ಸ್ವರಕ್ಕೆ ಒಂದು ಹಾರು. ಉಸಿರು ಗಿಡ್ಡ; ಆದರೆ ಉಸಿರು ತೆಗೆದುಕೊಳ್ಳುವ ಜಾಗವನ್ನೂ ಅವರು ಹಾಡಿನ ಒಳಗೆ ತಂದುಕೊಂಡರು. ಎಲ್ಲಿ ಗಾಯಕ ದಣಿದ, ಎಲ್ಲಿ ಬೇಕೆಂದು ನಿಂತ ಎಂದು ಕೇಳುಗನಿಗೆ ಬೇರೆಮಾಡಿ ಹೇಳಲು ಆಗುವುದಿಲ್ಲ.

ಇನ್ನು ಇದರ ಉತ್ತರಾರ್ಧ ಕೇಳಿ. ಕುಮಾರ ಗಂಧರ್ವರ ಪ್ರಭಾವ ದೊಡ್ಡದು. ಎಪ್ಪತ್ತರ ದಶಕದಿಂದ ಈಚೆಗೆ ಎಷ್ಟೋ ಹುಡುಗರು ಅವರ ಹಾಗೆ ಹಾಡಲು ಹೊರಟರು. ಒಳ್ಳೆಯ ದನಿ, ಒಳ್ಳೆಯ ತಾಲೀಮು, ದಿನಾ ಬೆಳಗ್ಗೆ ಓಡಿ ಗಟ್ಟಿಯಾದ ಎದೆ. ಎರಡು ಶ್ವಾಸಕೋಶ ಇರುವವರು ಒಂದೇ ಶ್ವಾಸಕೋಶದವರ ಹಾಗೆ ಹಾಡುವುದನ್ನು ನಾನು ಕೇಳಿದ್ದೇನೆ, ನೀವೂ ಕೇಳಿರುತ್ತೀರಿ. ಆ ಬಿಡುವು ಬರುತ್ತದೆ, ಆ ಹಾರು ಬರುತ್ತದೆ, ಬಿಡುವಿನ ಒಳಗೆ ಏನೂ ಇರುವುದಿಲ್ಲ. ಯಾಕೆಂದರೆ ಕುಮಾರರಿಗೆ ಅದೊಂದು ಪ್ರಶ್ನೆಗೆ ಸಿಕ್ಕ ಉತ್ತರವಾಗಿತ್ತು: ಇಷ್ಟೇ ಉಸಿರಿನಲ್ಲಿ ಇಡೀ ರಾಗವನ್ನು ಹೇಗೆ ಹೇಳಲಿ? ಈ ಹುಡುಗರಿಗೆ ಆ ಪ್ರಶ್ನೆ ಇಲ್ಲ. ಪಕ್ಕದವನ ಪರೀಕ್ಷೆಯ ಉತ್ತರವನ್ನು ಬರೆದುಕೊಂಡು ಬಂದಿದ್ದಾರೆ. ಇವರ ಪ್ರಶ್ನೆಪತ್ರಿಕೆ ಬೇರೆಯೇ ಇದೆ.

ಕಾಯಿಲೆಯೇ ಕುಮಾರರನ್ನು ಮಾಡಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರಿದ್ದಾರೆ, ಅದು ಸೋಮಾರಿ ವಿವರಣೆ. ಆ ಕಾಲದಲ್ಲಿ ಕ್ಷಯ ಬಂದವರಿಗೆ ದೇಶದಲ್ಲಿ ಲೆಕ್ಕವಿರಲಿಲ್ಲ. ಮುಂಬಯಿಯ ದಿನಗಳಲ್ಲೇ ಅವರ ತಲೆ ಬೇರೆ ದಾರಿ ಹುಡುಕುತ್ತಿತ್ತು. ಕಾಯಿಲೆ ಮಾಡಿದ್ದಿಷ್ಟೇ: ಹಳೆಯ ನಕಲುಗಳಿಗೆ ವಾಪಸು ಹೋಗುವ ಸೇತುವೆಯನ್ನು ಮುರಿದುಹಾಕಿತು. ಬೇಕೆಂದರೂ ಇನ್ನೊಬ್ಬರ ಹಾಗೆ ಹಾಡುವ ಶಕ್ತಿ ಉಳಿಯಲಿಲ್ಲ.

ಇಂಥ ಮುರಿದ ಕಂಠಗಳನ್ನು ಹುಡುಕಿಕೊಂಡು ಹೋದರೆ ನಮ್ಮ ಸಂಗೀತದ ಚರಿತ್ರೆಯ ದೊಡ್ಡ ಭಾಗ ಕೈಗೆ ಸಿಗುತ್ತದೆ. ಜಯಪುರ-ಅತ್ರೌಲಿ ಘರಾಣೆಯ ಮೂಲಪುರುಷ ಅಲ್ಲಾದಿಯಾಖಾನರು (1855–1946) ತರುಣರಾಗಿದ್ದಾಗ ಒಂದು ಸಣ್ಣ ಸಂಸ್ಥಾನದ ದೊರೆಗೆ ದಿನಗಟ್ಟಲೆ, ಗಂಟೆಗಟ್ಟಲೆ ಹಾಡಿ ಹಾಡಿ ದನಿ ಕಳೆದುಕೊಂಡರು. ದನಿ ಮತ್ತೆ ಬರುವುದಕ್ಕೆ ಬಹಳ ಕಾಲ ಹಿಡಿಯಿತು. ಬಂದದ್ದು ಮೊದಲಿನ ದನಿಯಲ್ಲ, ದಪ್ಪ, ಒರಟು. ಸವಿಯಾದ ಕಂಠ ಹೋದ ಮೇಲೆ ಸವಿಯನ್ನೇ ನಂಬಿ ಹಾಡುವಂತಿಲ್ಲವಲ್ಲ. ಅವರು ಲಯವನ್ನು ಹಿಡಿದರು, ಸ್ವರಗಳನ್ನು ಒಂದಕ್ಕೊಂದು ಹೆಣೆದು ಸುತ್ತಿ ಸುತ್ತಿ ಸಮಕ್ಕೆ ತರುವ ಕಟ್ಟೋಣವನ್ನು ಹಿಡಿದರು, ಅಪರೂಪದ ಜೋಡುರಾಗಗಳನ್ನು ಹಿಡಿದರು. ಕೊಲ್ಲಾಪುರದ ಶಾಹು ಮಹಾರಾಜರ ದರಬಾರಿನಲ್ಲಿದ್ದುಕೊಂಡು ಅವರು ಬೆಳೆಸಿದ ಆ ಕಟ್ಟೋಣವೇ ಮುಂದೆ ಘರಾಣೆಯಾಯಿತು. ಕೇಸರಬಾಯಿ ಕೇರ್ಕರ್, ಮೋಗೂಬಾಯಿ ಕುರ್ಡೀಕರ್ ಅಂಥ ಅದ್ಭುತ ಕಂಠದವರು ಅದನ್ನು ಕಲಿತರು. ಒಬ್ಬರ ಕೊರತೆಯಿಂದ ಹುಟ್ಟಿದ ಉಪಾಯ ಇನ್ನೊಬ್ಬರಿಗೆ ಶಾಸ್ತ್ರವಾಯಿತು.

ಮರಾಠಿಯ ಸಂಗೀತ ವಿಮರ್ಶಕ ವಾಮನರಾವ್ ದೇಶಪಾಂಡೆ 1961ರಲ್ಲಿ ‘ಘರಂದಾಜ್ ಗಾಯಕಿ’ ಎಂಬ ಪುಸ್ತಕ ಬರೆದರು. ವೃತ್ತಿಯಿಂದ ಲೆಕ್ಕಪರಿಶೋಧಕರು, ಬಹುಶಃ ಅದಕ್ಕೇ ಭಾವುಕತೆ ಇಲ್ಲದೆ ಲೆಕ್ಕ ಹಾಕಿ ನೋಡಿದ್ದಾರೆ. ಪ್ರತಿ ಘರಾಣೆಯ ಲಕ್ಷಣಗಳು ಅದರ ಮೂಲಪುರುಷನ ಕಂಠದ ಗುಣದಿಂದ ಬಂದವು ಎಂಬುದು ಅವರ ವಾದ. ಈ ಮಾತನ್ನು ಪೂರ್ತಿ ಒಪ್ಪದವರೂ ಇದ್ದಾರೆ. ನನಗೆ ಅದರ ಹಿಂದಿರುವ ಮಾತು ಮುಖ್ಯವಾಗಿ ಕಾಣುತ್ತದೆ. ನಾವು ಪರಂಪರೆ ಎಂದು ಕೈಮುಗಿಯುವುದು ಒಂದಾನೊಂದು ಕಾಲದಲ್ಲಿ ಒಬ್ಬ ಮನುಷ್ಯ ತನ್ನ ಗಂಟಲಿನ ಜೊತೆ ಮಾಡಿಕೊಂಡ ಒಪ್ಪಂದವಾಗಿತ್ತು. ಶಿಷ್ಯ ಆ ಕಟ್ಟೋಣವನ್ನು ಕಲಿಯಬಹುದು, ಕಲಿಯಲೇಬೇಕು. ತನ್ನ ಗಂಟಲಿನ ಜೊತೆಗಿನ ಒಪ್ಪಂದವನ್ನು ಮಾತ್ರ ಅವನೇ ಮಾಡಿಕೊಳ್ಳಬೇಕು.

ಗಂಗೂಬಾಯಿ ಹಾನಗಲ್ ಅವರ ಕತೆ ನಿಮಗೆ ಹೊಸದಲ್ಲ. 1913ರಲ್ಲಿ ಇದೇ ಧಾರವಾಡದಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. 1930ರ ದಶಕದಲ್ಲಿ ‘ಹುಬ್ಬಳ್ಳಿಯ ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ರೆಕಾರ್ಡುಗಳು ಈಗಲೂ ಕೇಳಲು ಸಿಗುತ್ತವೆ. ಎಳೆಯ, ಮೇಲುಸ್ಥಾಯಿಯ, ತೆಳ್ಳಗಿನ ದನಿ. ಆಮೇಲೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ದನಿ ಇಳಿಯಿತು, ಗಂಡಸರ ದನಿಯೇನೋ ಅನ್ನುವಷ್ಟು. ಹೆಂಗಸಿನ ಕಂಠ ಹೀಗಿರಬೇಕು ಎಂದು ತೀರ್ಮಾನಿಸಿಕೊಂಡಿದ್ದ ಲೋಕದ ಮುಂದೆ, ಆಗಲೇ ಒಂದು ದನಿಯಲ್ಲಿ ಹೆಸರು ಮಾಡಿದ್ದ ಗಾಯಕಿ, ಇನ್ನೊಂದು ದನಿಯಲ್ಲಿ ಬಂದು ಕೂಡಬೇಕಾಯಿತು. ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರಲ್ಲಿ ಕಲಿತರು. ಜಿಪುಣ ದುಡ್ಡು ಬಿಚ್ಚುವ ಹಾಗೆ ಒಂದೊಂದೇ ಸ್ವರವನ್ನು ಖರ್ಚು ಮಾಡಬೇಕೆಂದು ಗುರುಗಳು ಹೇಳಿಕೊಟ್ಟದ್ದನ್ನು ಅವರು ನೆನೆಯುತ್ತಿದ್ದರು. ಆ ಭಾರದ ದನಿಗೆ ಈ ಜಿಪುಣತನ ಹೇಗೆ ಕೂಡಿಬಂತು ನೋಡಿ. ಮಂದ್ರದಲ್ಲಿ ಅವರು ಒಂದು ಸ್ವರದ ಮೇಲೆ ನಿಂತರೆ ಅಲ್ಲಿಂದ ಕದಲಬೇಕೆಂದು ಕೇಳುಗನಿಗೂ ಅನ್ನಿಸುತ್ತಿರಲಿಲ್ಲ. ಕಳೆದುಹೋದ ಆ ತೆಳು ದನಿಯನ್ನು ಅವರು ಆಮೇಲೆ ಹುಡುಕಲಿಲ್ಲ.

ಸವಾಯಿ ಗಂಧರ್ವರ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಫಿರೋಜ್ ದಸ್ತೂರ್, ಇವರು ಮೂವರೂ ಅವರ ಶಿಷ್ಯರು. ದಸ್ತೂರರು ಮುಂಬಯಿಯ ಪಾರ್ಸಿ, ಹುಡುಗತನದಲ್ಲಿ ಸಿನಿಮಾದಲ್ಲಿ ನಟಿಸಿದವರು. ಮೂವರಲ್ಲಿ ಅಬ್ದುಲ್ ಕರೀಂಖಾನರ ಧಾಟಿಗೆ ಹತ್ತಿರದವರು ಅವರೇ, ಯಾಕೆಂದರೆ ಅವರ ದನಿಯೂ ಆ ಜಾತಿಯದು. ಒಂದೇ ಮನೆ, ಒಂದೇ ಪಾಠ. ಆದರೆ ಮೂವರ ರೆಕಾರ್ಡನ್ನು ಅರ್ಧ ನಿಮಿಷ ಹಾಕಿದರೆ ಸಾಕು, ಕಣ್ಣು ಮುಚ್ಚಿಕೊಂಡು ಯಾರೆಂದು ಹೇಳಬಹುದು. ಗುರು ದೊಡ್ಡವನೋ ಅಲ್ಲವೋ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ. ಸವಾಯಿ ಗಂಧರ್ವರ ಸ್ವಂತ ಕಂಠವೇ ಮೊದಮೊದಲು ಹಾಡಿಗೆ ಒಲಿದು ಬಂದದ್ದಾಗಿರಲಿಲ್ಲ, ದುಡಿದು ಪಳಗಿಸಿಕೊಂಡದ್ದು ಎಂದು ಬಲ್ಲವರು ಹೇಳುತ್ತಾರೆ. ಪಳಗಿಸಿಕೊಂಡವನಿಗೆ ಇನ್ನೊಬ್ಬರ ಗಂಟಲಿನ ಕಷ್ಟ ತಿಳಿಯುತ್ತದೆ.

ಇಲ್ಲಿ ನಮ್ಮ ಸಂಗೀತದ ವ್ಯವಸ್ಥೆಯನ್ನೇ ಒಮ್ಮೆ ನೋಡಬೇಕು. ನಮ್ಮಲ್ಲಿ ಷಡ್ಜಕ್ಕೆ ಗೊತ್ತುಮಾಡಿದ ಎತ್ತರವಿಲ್ಲ. ಹಾರ್ಮೋನಿಯಂನ ಯಾವ ಮನೆಯಿಂದ ಬೇಕಾದರೂ ‘ಸಾ’ ಶುರುವಾಗಬಹುದು. ಒಬ್ಬರಿಗೆ ಕರಿ ಒಂದು, ಇನ್ನೊಬ್ಬರಿಗೆ ಬಿಳಿ ಎರಡು, ಮತ್ತೊಬ್ಬರಿಗೆ ಕರಿ ನಾಲ್ಕು. ರಾಗ ಎಲ್ಲರದು, ಬಂದಿಶ್ ಗುರುವಿನದು, ತಾಳ ತಬಲಾದವನ ಕೈಯಲ್ಲಿ. ಷಡ್ಜ ಮಾತ್ರ ನಿಮ್ಮದು. ಪಾಠಕ್ಕೆ ಕೂತಾಗ ಶಿಷ್ಯ ಗುರುವಿನ ಷಡ್ಜದಲ್ಲೇ ಹಾಡಬೇಕಾಗುತ್ತದೆ, ಅದು ಅನಿವಾರ್ಯ. ಎಷ್ಟೋ ಹೆಣ್ಣುಮಕ್ಕಳು ಗಂಡು ಗುರುವಿನ ಶ್ರುತಿಗೆ ಇಳಿದು, ಎಷ್ಟೋ ಹುಡುಗರು ಗುರುವಿನ ಎತ್ತರಕ್ಕೆ ಏರಿ ಗಂಟಲು ಕೆಡಿಸಿಕೊಂಡಿದ್ದಾರೆ. ಮನೆಗೆ ಬಂದು ತನ್ನ ತಂಬೂರಿಯನ್ನು ತನ್ನ ದನಿಗೆ ಶ್ರುತಿ ಮಾಡಿಕೊಂಡು, ಗುರು ಹೇಳಿದ್ದನ್ನೇ ಅಲ್ಲಿ ಮತ್ತೆ ಹಾಡಿದಾಗ ಮೊದಲನೆಯ ಸಲಕ್ಕೆ ಏನೋ ಬೇರೆ ಆಗುತ್ತದೆ. ಕೆಲವು ಜಾಗ ಸಲೀಸಾಗುತ್ತದೆ, ಕೆಲವು ಸಾಧ್ಯವೇ ಇಲ್ಲ ಅನ್ನಿಸುತ್ತದೆ. ಆ ಸಾಧ್ಯವಿಲ್ಲದ ಜಾಗದಲ್ಲೇ ಕೆಲಸ ಇರುವುದು.

ನಾನು ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ಒಂದು ವರ್ಗದವರಿಗೆ ಖುಷಿಯಾಗಿರಬಹುದು. ‘ಇದು ನನ್ನ ಸ್ಟೈಲು’ ಎಂದು ಮೂರು ವರ್ಷದ ಕಲಿಕೆಯ ಮೇಲೆ ಹೇಳುವವರಿಗೆ. ಅವರ ಖುಷಿಯನ್ನು ಸ್ವಲ್ಪ ಕೆಡಿಸಬೇಕಾಗಿದೆ; ಅದಕ್ಕಾಗಿ ಮಲ್ಲಿಕಾರ್ಜುನ ಮನಸೂರರನ್ನು ಕರೆಯುತ್ತೇನೆ.

1910ರ ಕೊನೆಯ ದಿನ ಧಾರವಾಡದ ಪಕ್ಕದ ಮನಸೂರಿನಲ್ಲಿ ಹುಟ್ಟಿದವರು. ಅಣ್ಣ ಬಸವರಾಜರ ಹಿಂದೆ ನಾಟಕ ಕಂಪನಿ ಸೇರಿ ಬಾಲನಟನಾಗಿ ಹೆಸರು ಮಾಡಿದವರು. ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತ, ಆಮೇಲೆ ಮೀರಜದಲ್ಲಿ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಗಟ್ಟಿ ತಾಲೀಮು. ಇಪ್ಪತ್ತೈದರ ಆಸುಪಾಸಿಗೆ ಅವರ ರೆಕಾರ್ಡುಗಳು ಮಾರುಕಟ್ಟೆಯಲ್ಲಿದ್ದವು, ಜನ ಕೊಂಡು ಕೇಳುತ್ತಿದ್ದರು. ಆ ಹಂತದಲ್ಲಿ ಅವರು ಏನು ಮಾಡಿದರು? ಮುಂಬಯಿಯಲ್ಲಿ ಅಲ್ಲಾದಿಯಾಖಾನರ ಮಗ ಮಂಜಿಖಾನರಿಂದ ಗಂಡಾ ಕಟ್ಟಿಸಿಕೊಂಡು ಮೊದಲಿನಿಂದ ಕಲಿಯಲು ಕೂತರು. ಪಳಗಿದ ಧಾಟಿಯನ್ನು ಬಿಚ್ಚಿಟ್ಟು, ತನ್ನದಲ್ಲದ ಕಟ್ಟೋಣದೊಳಗೆ ಮತ್ತೆ ಹುಡುಗನಾಗಿ ಹೋಗುವುದು ಅದು. ಮಂಜಿಖಾನರು 1937ರಲ್ಲಿ ತೀರಿಕೊಂಡರು. ತಾಲೀಮು ನಡೆದದ್ದು ಎರಡು ವರ್ಷಕ್ಕೂ ಕಡಿಮೆ. ಆಗಲಾದರೂ ಸಾಕೆನ್ನಬಹುದಿತ್ತು. ಅವರು ಕೊಲ್ಲಾಪುರಕ್ಕೆ ಹೋಗಿ ಮಂಜಿಖಾನರ ತಮ್ಮ ಭೂರ್ಜಿಖಾನರಲ್ಲಿ ಕಲಿಕೆ ಮುಂದುವರಿಸಿದರು. ಆತ್ಮಕತೆ ‘ನನ್ನ ರಸಯಾತ್ರೆ’ಯಲ್ಲಿ ಗುರುಗಳ ಬಗ್ಗೆ ಬರೆಯುವಾಗ ಅವರ ಭಾಷೆಯೇ ಬೇರೆಯಾಗಿಬಿಡುತ್ತದೆ.

ಕುಮಾರ ಗಂಧರ್ವರಿಗೆ ಘರಾಣೆಯ ಬಗ್ಗೆ ಜಗಳ ಇತ್ತು. ಮನಸೂರರಿಗೆ ಅದು ಉಸಿರು. ಅವರು ಎಂದೂ ಸ್ವಂತಿಕೆಯ ಮಾತಾಡಿದವರಲ್ಲ. ಗುರುಮನೆಯ ರಾಗಗಳನ್ನೇ, ಗುರುಮನೆಯ ಬಂದಿಶ್‌ಗಳನ್ನೇ ಹಾಡಿದರು: ಬಿಹಾರಿ, ಹೇಮನಟ್, ಸಂಪೂರ್ಣ ಮಾಲಕಂಸ, ಖಟ್. ಆದರೂ ಅವರ ಹಾಡನ್ನು ಬೇರೆ ಯಾವ ಜಯಪುರದ ಗಾಯಕರ ಹಾಡೆಂದೂ ಯಾರೂ ತಪ್ಪು ತಿಳಿಯುವುದಿಲ್ಲ. ಬಾಯಿ ತೆರೆದ ಗಳಿಗೆಯಿಂದ ರಾಗ ಪೂರ್ತಿಯಾಗಿ ಎದುರಿಗಿರುತ್ತದೆ, ಪೀಠಿಕೆಯೇ ಇಲ್ಲ. ಆಲಾಪ ಎಲ್ಲಿ ಮುಗಿದು ತಾನು ಎಲ್ಲಿ ಶುರುವಾಯಿತೆಂದು ಗೆರೆ ಹಾಕಲು ಬರುವುದಿಲ್ಲ. ಒಂದೇ ಉಸಿರಿನಲ್ಲಿ ಸಾಲು ಹೋಗುತ್ತದೆ, ತಿರುಗುತ್ತದೆ, ಇನ್ನೇನು ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಹೋಗಿ ಸಮದ ಮೇಲೆ ಬಂದು ಕೂಡುತ್ತದೆ. ಕುಮಾರರದು ಗಿಡ್ಡ ಉಸಿರು, ಮನಸೂರರದು ಮುಗಿಯದ ಉಸಿರು. ಇಬ್ಬರೂ ಇದೇ ಬೆಳಗಾವಿ-ಧಾರವಾಡದ ನೆಲದವರು, ಇಬ್ಬರೂ ತೀರಿಕೊಂಡದ್ದು 1992ರಲ್ಲಿ, ಒಬ್ಬರು ಜನವರಿಯಲ್ಲಿ, ಇನ್ನೊಬ್ಬರು ಸೆಪ್ಟೆಂಬರಿನಲ್ಲಿ.

ಮನಸೂರರನ್ನು ವಿವರಿಸುವುದು ನನಗೆ ಕುಮಾರರನ್ನು ವಿವರಿಸುವುದಕ್ಕಿಂತ ಕಷ್ಟ. ಬಂಡಾಯ ಮಾಡಿದವನ ಸ್ವಂತಿಕೆ ಕಣ್ಣಿಗೆ ಕಾಣುತ್ತದೆ. ಪೂರ್ತಿ ಶರಣಾದವನ ಸ್ವಂತಿಕೆ ಎಲ್ಲಿಂದ ಬಂತು? ನನ್ನ ಊಹೆ ಇದು. ಅವರು ಗುರುಗಳ ದನಿಯನ್ನು ಎತ್ತಿಕೊಳ್ಳಲಿಲ್ಲ, ಗುರುಗಳು ರಾಗವನ್ನು ಕುರಿತು ಯೋಚಿಸುವ ಬಗೆಯನ್ನು ಎತ್ತಿಕೊಂಡರು. ಹೊರಗಿನ ಗುರುತುಗಳನ್ನು ನಕಲು ಮಾಡುವವನು ಬೇಗ ಕಲಿಯುತ್ತಾನೆ, ಬೇಗ ನಿಂತುಬಿಡುತ್ತಾನೆ. ಯೋಚನೆಯ ಕ್ರಮವನ್ನು ಕಲಿಯುವುದಕ್ಕೆ ದಶಕಗಳು ಬೇಕು. ಮನಸೂರರಿಗೆ ಪದ್ಮಶ್ರೀ ಬಂದದ್ದು 1970ರಲ್ಲಿ, ಅರವತ್ತರ ಹೊಸ್ತಿಲಿನಲ್ಲಿ. ಅವರ ಗಾಯನದ ಅತ್ಯಂತ ಎತ್ತರದ ಕಾಲ ಅದರ ನಂತರದ್ದು ಎಂದು ಬಹಳ ಜನ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಅಷ್ಟು ವರ್ಷ ಅವರು ತಾವೇ ಆಗಲು ಕಾಯುತ್ತಿದ್ದರು ಎಂದಲ್ಲ. ಹಾಡುತ್ತಿದ್ದರು, ಅಷ್ಟೇ.

ಬೇರೆ ಕಡೆಗೂ ಒಮ್ಮೆ ಕಣ್ಣು ಹಾಯಿಸೋಣ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಕಾಳಿಂಗ ನಾವಡರು ಭಾಗವತಿಕೆಗೆ ಹೊಸ ಬಣ್ಣ ಕೊಟ್ಟು 1990ರಲ್ಲಿ, ಮೂವತ್ತರ ಆಸುಪಾಸಿನಲ್ಲಿ, ಅಪಘಾತದಲ್ಲಿ ಹೋದರು. ಆಮೇಲೆ ಎಷ್ಟೋ ವರ್ಷ ಕರಾವಳಿಯ ರಂಗಸ್ಥಳಗಳಲ್ಲಿ ನಾವಡರ ನೆರಳುಗಳೇ ಜಾಗಟೆ ಹಿಡಿದು ಕೂತಿದ್ದವು. ನಾವಡರಿದ್ದರೆ ಅಷ್ಟು ಹೊತ್ತಿಗೆ ಅವರೇ ಆ ಧಾಟಿಯನ್ನು ಬಿಟ್ಟು ಎಲ್ಲಿಗೋ ಹೋಗಿರುತ್ತಿದ್ದರು. ಬರವಣಿಗೆಯಲ್ಲಿ ನನ್ನ ಪೀಳಿಗೆಯ ರೋಗ ಲಂಕೇಶ್. 1980ರಲ್ಲಿ ಅವರ ಪತ್ರಿಕೆ ಶುರುವಾದ ಮೇಲೆ ಗಿಡ್ಡ ವಾಕ್ಯ, ಎದೆಗೆ ನೇರ ಮಾತು, ಕೊನೆಗೊಂದು ಚುಚ್ಚು ಎಲ್ಲರಿಗೂ ಅಂಟಿ, ಸಹಕಾರಿ ಸಂಘದ ವಾರ್ಷಿಕ ವರದಿಯನ್ನೂ ಆ ಶೈಲಿಯಲ್ಲಿ ಬರೆಯುವವರು ಹುಟ್ಟಿಕೊಂಡರು. ಇಂಗ್ಲಿಷ್ ಪಾಠ ಬಿಟ್ಟು ಬಂದು ವಾರವಾರ ಪುಟ ತುಂಬಿಸುತ್ತಿದ್ದ ಸಂಪಾದಕನ ಅವಸರ ಆ ವಾಕ್ಯಗಳಲ್ಲಿತ್ತು. ನಮಗೆ ಆ ಅವಸರ ಇರಲಿಲ್ಲ, ಗಿಡ್ಡತನ ಮಾತ್ರ ಇತ್ತು.

ಮೆಚ್ಚುವುದನ್ನೇ ಬಿಡಬೇಕೇ ಹಾಗಾದರೆ? ಕುಮಾರ ಗಂಧರ್ವರು ಬಾಲಗಂಧರ್ವರನ್ನು ಮೆಚ್ಚಿದ ರೀತಿಯನ್ನು ನೋಡಿ. ಬಾಲಗಂಧರ್ವರು (1888–1967) ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದವರು. ಅವರು ವೇದಿಕೆಯ ಮೇಲೆ ಸೀರೆ ಉಟ್ಟ ಹಾಗೆ, ಹೂ ಮುಡಿದ ಹಾಗೆ ಒಳ್ಳೊಳ್ಳೆಯ ಮನೆಯ ಹೆಂಗಸರು ಉಡುತ್ತಿದ್ದರು, ಮುಡಿಯುತ್ತಿದ್ದರು. ಹೆಂಗಸರನ್ನು ಅನುಕರಿಸುವ ಗಂಡಸನ್ನು ಹೆಂಗಸರು ಅನುಕರಿಸಿದ ಈ ವಿಚಿತ್ರ ಎಲ್ಲಿಯಾದರೂ ಬೇರೆ ಕಡೆ ನಡೆದಿದೆಯೋ ಏನೋ. ಅವರ ನಾಟ್ಯಗೀತೆಗಳನ್ನಂತೂ ಮಹಾರಾಷ್ಟ್ರದ ಮನೆಮನೆಯಲ್ಲಿ ಅವರದೇ ಕೊಂಕು, ಅವರದೇ ಬಿನ್ನಾಣ ಸಹಿತ ಹಾಡುತ್ತಿದ್ದರು. ಕುಮಾರರು ಆ ಪದಗಳನ್ನೇ ತೆಗೆದುಕೊಂಡು ‘ಮಲಾ ಉಮಜಲೇಲೇ ಬಾಲಗಂಧರ್ವ’, ನನಗೆ ತಿಳಿದ ಬಾಲಗಂಧರ್ವ, ಎಂಬ ಕಾರ್ಯಕ್ರಮ ಮಾಡಿದರು. ಬೇಕೆಂದರೆ ಬಾಲಗಂಧರ್ವರನ್ನು ಕೂದಲೆಳೆಯಷ್ಟೂ ಬಿಡದೆ ಒಪ್ಪಿಸಬಲ್ಲವರು ಅವರು. ಒಪ್ಪಿಸಲಿಲ್ಲ. ಒಂದೊಂದು ಪದ ಯಾಕೆ ಅಷ್ಟು ಚೆನ್ನಾಗಿದೆ, ಯಾವ ಸ್ವರದ ಮೇಲೆ ಆ ಮಹಾನುಭಾವ ಯಾಕೆ ನಿಂತ ಎಂಬುದನ್ನು ತಮ್ಮ ದನಿಯಲ್ಲಿ ಬಿಡಿಸಿ ತೋರಿಸಿದರು. ಬಾಲಗಂಧರ್ವರ ಮೇಲಿನ ಪ್ರೀತಿ ಅದರಲ್ಲಿ ಎಳ್ಳಷ್ಟೂ ಕಡಿಮೆ ಇರಲಿಲ್ಲ. ನನ್ನ ಮಟ್ಟಿಗೆ ಅದು ಒಬ್ಬ ಕಲಾವಿದ ಇನ್ನೊಬ್ಬನ ಬಗ್ಗೆ ಬರೆದ ಅತ್ಯುತ್ತಮ ವಿಮರ್ಶೆ. ಬರೆದದ್ದು ಕಾಗದದ ಮೇಲಲ್ಲ, ಅಷ್ಟೇ ವ್ಯತ್ಯಾಸ.

ಕೊನೆಗೆ ನಮ್ಮ ಪಾಲನ್ನೂ ಹೇಳಬೇಕು, ಕೇಳುವವರ ಪಾಲನ್ನು. ನಕಲು ಮಾಡುವವನಿಗಿಂತ ನಕಲು ಬೇಕೆನ್ನುವವರು ಹೆಚ್ಚು. ದೊಡ್ಡವರ ಮಕ್ಕಳ ಕಷ್ಟ ಯಾರಿಗೂ ಬೇಡ; ಅಪ್ಪನ ಹಾಗೆ ಹಾಡಿದರೆ ನಕಲು ಅನ್ನುತ್ತೇವೆ, ಹಾಡದಿದ್ದರೆ ಅಪ್ಪನ ಹಾಗಿಲ್ಲ ಅನ್ನುತ್ತೇವೆ. ಮಲ್ಲಿಕಾರ್ಜುನ ಮನಸೂರರ ಹಿಂದೆ ಕೂತು ದಶಕಗಳ ಕಾಲ ದನಿಗೂಡಿಸಿದ ಮಗ ರಾಜಶೇಖರ ಮನಸೂರರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ಆ ಘರಾಣೆಯ ಅಪರೂಪದ ರಾಗಗಳನ್ನು ಎಷ್ಟು ಆಳವಾಗಿ ಬಲ್ಲವರಾಗಿದ್ದರು ಎಂಬುದು ಗೊತ್ತಿದ್ದವರು ಈ ಸಭೆಯಲ್ಲೇ ಇದ್ದೀರಿ. 2022ರಲ್ಲಿ ಅವರು ಹೋಗುವವರೆಗೂ ನಾವು ಅವರನ್ನು ಕೇಳಿದ್ದು ಅಪ್ಪನನ್ನು ಹುಡುಕುವ ಕಿವಿಯಿಂದ. ಅವರ ಹಾಡು ನಮಗೆ ಪೂರ್ತಿ ಕೇಳಿಸಿತೇ?

ಈ ಉಪನ್ಯಾಸ ನಡೆಸುವ ದತ್ತಿಯ ಬಡ್ಡಿಯಲ್ಲಿ ಬರುವ ವರ್ಷದಿಂದ ಶಾಲಾಮಕ್ಕಳಿಗೆ ಹಾಡಿನ ಸ್ಪರ್ಧೆ ನಡೆಸುವ ವಿಚಾರ ಇದೆ ಎಂದು ಅಧ್ಯಕ್ಷರು ಮೊದಲೇ ಹೇಳಿದರು. ಒಂದು ವಿನಂತಿ. ಈಗಿನ ಸ್ಪರ್ಧೆಗಳಲ್ಲಿ ಮಕ್ಕಳು ಕರೋಕೆ ಟ್ರ್ಯಾಕಿನ ಮೇಲೆ ಹಾಡುತ್ತಾರೆ. ಟ್ರ್ಯಾಕಿನ ಶ್ರುತಿ ಮೂಲ ಗಾಯಕರದು. ಹತ್ತು ವರ್ಷದ ಹುಡುಗಿ ನಲವತ್ತು ವರ್ಷದ ಗಂಡಸಿನ ಷಡ್ಜಕ್ಕೆ ಇಳಿಯಲಾರದೆ, ಬಿಡಲಾರದೆ ಒದ್ದಾಡುತ್ತಾಳೆ. ‘ಥೇಟ್ ಅವರ ಹಾಗೇ’ ಹಾಡಿದವರಿಗೆ ಬಹುಮಾನ. ನಿಮ್ಮ ಸ್ಪರ್ಧೆಯಲ್ಲಿ ಟ್ರ್ಯಾಕು ಬೇಡ. ಮಗು ವೇದಿಕೆಗೆ ಬಂದ ಮೇಲೆ ಒಂದೆರಡು ನಿಮಿಷ ಕೊಡಿ, ತನಗೆ ಯಾವ ಶ್ರುತಿ ಬೇಕೆಂದು ಅದೇ ಹುಡುಕಿಕೊಳ್ಳಲಿ. ಹುಡುಕುವಾಗ ಸಭೆ ಗಲಾಟೆ ಮಾಡದಿದ್ದರೆ ಸಾಕು. ತೀರ್ಪುಗಾರರ ಹಾಳೆಯಲ್ಲಿ ಆ ಎರಡು ನಿಮಿಷಕ್ಕೂ ಒಂದಿಷ್ಟು ಅಂಕ ಇರಲಿ. ಇನ್ನು ತಂಬೂರಿ ಎಲ್ಲಿಂದ ತರುವುದು ಎಂಬ ಚಿಂತೆ ಬೇಡ, ಅದು ಈಗ ಎಲ್ಲರ ಮೊಬೈಲಿನಲ್ಲೂ ಪುಕ್ಕಟೆ ಸಿಗುತ್ತದೆ. ದತ್ತಿಯ ಬಡ್ಡಿಗೆ ಹೊರೆಯಾಗುವುದಿಲ್ಲ.